ಎಲ್ಲೆ ನೀಸ್: ಸಾಕ್ಷಿಯೇ ಇಲ್ಲದ ಒಂದು ಆರೋಪ, ಅಳಿಸಿಹೋದ ಒಬ್ಬ ಚಾಲಕಿ

2016ರಲ್ಲಿ ಬುಗಾಟಿ ಕಂಪನಿ ‘ಶಿರೋನ್’ ಅನ್ನೋ ಕಾರು ಬಿಟ್ಟಾಗ ನಾನಿನ್ನೂ ಇಂಜಿನಿಯರ್ ಕೆಲಸದಲ್ಲಿದ್ದೆ. ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಅದೇ ಮಾತು. 8 ಲೀಟರ್ ಇಂಜಿನ್, 16 ಸಿಲಿಂಡರ್, ನಾಲ್ಕು ಟರ್ಬೊ, 1,500 ಹಾರ್ಸ್‌ಪವರ್. ಬೈಕಿನ ಇಎಂಐ ಕಟ್ಟೋಕೇ ಒದ್ದಾಡುತ್ತಿದ್ದ ನಾವು ಆ ಕಾರಿನ ಟಾರ್ಕ್ ಬಗ್ಗೆ ರಾತ್ರಿ ಹನ್ನೆರಡರ ತನಕ ಜಗಳ ಆಡಿದ್ದೆವು. ಆದರೆ ಈ ಶಿರೋನ್ ಅಂದ್ರೆ ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಪತ್ರಕರ್ತನಾದ ಮೇಲೆ, ಬೇರೆ ಏನೋ ಓದುತ್ತಿದ್ದಾಗ ಆ ಹೆಸರು ಮತ್ತೆ ಎದುರಾಯಿತು. ಲೂಯಿ ಶಿರೋನ್, ಮೊನಾಕೊ ದೇಶದ ದೊಡ್ಡ ರೇಸ್ ಚಾಲಕ. ಆತನ ಬಗ್ಗೆ ಬರೆದ ಪುಟಗಳಲ್ಲಿ ಒಂದು ಕಡೆ ಒಬ್ಬ ಹೆಂಗಸಿನ ಹೆಸರು ಬಂದು ಹೋಗುತ್ತದೆ. 1949ರಲ್ಲಿ ಒಂದು ಪಾರ್ಟಿಯಲ್ಲಿ, ಎಲ್ಲರ ಎದುರು, ಆಕೆಯನ್ನು ನಾಜಿಗಳ ಏಜೆಂಟ್ ಅಂತ ಕರೆದವನು ಈತ. ಆ ಹೆಂಗಸು ಎಲ್ಲೆ ನೀಸ್. ಶಿರೋನ್ ಹೆಸರಿನಲ್ಲಿ ಇವತ್ತು ಕೋಟಿಗಟ್ಟಲೆ ಬೆಲೆಯ ಕಾರಿದೆ, ಮೊನಾಕೊ ಟ್ರ್ಯಾಕಿನ ಒಂದು ತಿರುವಿಗೂ ಅವನದೇ ಹೆಸರು. ಎಲ್ಲೆ ನೀಸ್ ಸತ್ತಾಗ ಅಂತ್ಯಸಂಸ್ಕಾರಕ್ಕೆ ದುಡ್ಡು ಕೊಟ್ಟಿದ್ದು ಒಂದು ಧರ್ಮಾರ್ಥ ಸಂಸ್ಥೆ.

ಶಿರೋನ್‌ಗಿಂತ ನನಗೆ ಈಕೆಯ ಕಥೆಯೇ ಮುಖ್ಯ ಅನ್ನಿಸಿತು. ಅದಕ್ಕೇ ಈ ಬರಹ.

ಹುಟ್ಟುಹೆಸರು ಮಾರಿಯೆಟ್ ಎಲೆನ್ ದೆಲಾಂಗ್ಲ್. ಹುಟ್ಟಿದ್ದು 1900ರ ಡಿಸೆಂಬರ್ 15ರಂದು, ಪ್ಯಾರಿಸ್‌ನಿಂದ ನೈಋತ್ಯಕ್ಕೆ ಎಪ್ಪತ್ತೈದು ಕಿಲೋಮೀಟರ್ ದೂರದ ಓನೆ-ಸು-ಓನೋ ಅನ್ನೋ ಹಳ್ಳಿಯಲ್ಲಿ. ಅಪ್ಪ ಆ ಊರಿನ ಅಂಚೆಯವನು, ಮಗಳು ಸಣ್ಣವಳಿದ್ದಾಗಲೇ ತೀರಿಕೊಂಡ. ಹದಿಹರೆಯದಲ್ಲೇ ಪ್ಯಾರಿಸ್ ಸೇರಿದಳು. ದುಡಿಯೋಕೆ ಸಿಕ್ಕಿದ್ದು ವೇದಿಕೆ. ಮ್ಯೂಸಿಕ್ ಹಾಲ್‌ಗಳಲ್ಲಿ ಕುಣಿದಳು, ಫೋಟೋಗಳಿಗೆ ಬಟ್ಟೆಯಿಲ್ಲದೆಯೂ ನಿಂತಳು, ರೋಬೇರ್ ಲಿಜೆ ಅನ್ನೋ ಜೊತೆಗಾರನೊಂದಿಗೆ ಕಸೀನೊ ದ ಪಾರಿ ತನಕ ಬಂದಳು. ಎಲೆನ್ ನೀಸ್ ಅಂತ ಇಟ್ಟುಕೊಂಡ ಹೆಸರು ಬಾಯಿಂದ ಬಾಯಿಗೆ ಹೋಗಿ ಎಲ್ಲೆ ನೀಸ್ ಆಯಿತು. ಫ್ರೆಂಚ್ ಅರ್ಧ, ಇಂಗ್ಲಿಷ್ ಅರ್ಧ ಕಿವಿಯಲ್ಲಿ ಕೇಳಿದರೆ ‘ಇವಳು ಒಳ್ಳೆಯವಳು’ ಅಂದ ಹಾಗೆ ಕೇಳುತ್ತೆ.

ಚೆನ್ನಾಗಿ ಸಂಪಾದಿಸಿದಳು. ಸ್ವಂತ ದುಡ್ಡಲ್ಲಿ ಕಾರು ಕೊಂಡಳು, ಹಿಮದಲ್ಲಿ ಸ್ಕೀಯಿಂಗ್ ಕಲಿತಳು. ಈ ಸ್ವಂತ ದುಡ್ಡು ಅನ್ನೋದನ್ನು ಗಮನಿಸಿ. ಫ್ರಾನ್ಸ್ ಅಂದ್ರೆ ಸ್ವಾತಂತ್ರ್ಯ, ಸಮಾನತೆ, ಸೋದರತೆ ಅಂತ ನಾವು ಸಮಾಜ ವಿಜ್ಞಾನದಲ್ಲಿ ಬಾಯಿಪಾಠ ಮಾಡಿದ್ದೇವೆ. ಅದೇ ಫ್ರಾನ್ಸ್‌ನಲ್ಲಿ ಹೆಂಗಸರು ಮೊದಲ ಸಲ ಮತ ಹಾಕಿದ್ದು 1945ರಲ್ಲಿ. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಕೆಲಸಕ್ಕೆ ಹೋಗೋ, ತನ್ನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯೋ ಹಕ್ಕು ಪಡೆದಿದ್ದು 1965ರಲ್ಲಿ. ಎಲ್ಲೆ ನೀಸ್ ಮದುವೆ ಆಗಲೇ ಇಲ್ಲ. ಪ್ರೇಮಿಗಳ ಪಟ್ಟಿ ಉದ್ದ ಇತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ. ಆಮೇಲೆ ಅದಕ್ಕೆ ಬೆಲೆ ತೆತ್ತಳು.

1929ರಲ್ಲಿ ಸ್ಕೀಯಿಂಗ್ ಮಾಡುವಾಗ ಹಿಮಕುಸಿತದಿಂದ ತಪ್ಪಿಸಿಕೊಳ್ಳಲು ಹೋಗಿ ಮೊಣಕಾಲು ಹಾಳಾಯಿತು. ಕುಣಿತ ಅಲ್ಲಿಗೆ ನಿಂತಿತು. ಅದೇ ವರ್ಷ ಜೂನ್ 2ರಂದು ಪ್ಯಾರಿಸ್ ಹತ್ತಿರದ ಮೋಂಟ್ಲೆರಿ ಟ್ರ್ಯಾಕಿನಲ್ಲಿ ಹೆಂಗಸರ ಗ್ರ್ಯಾನ್ ಪ್ರಿ ನಡೆಯಿತು. ಒಮೆಗಾ-ಸಿಕ್ಸ್ ಅನ್ನೋ ಕಾರಿನಲ್ಲಿ ಓಡಿಸಿ ಗೆದ್ದಳು. ಆಗ ಆಕೆಗೆ 28 ವರ್ಷ.

ಮೋಂಟ್ಲೆರಿ ಬಗ್ಗೆ ಸ್ವಲ್ಪ ಹೇಳಲೇಬೇಕು, ಮೆಕ್ಯಾನಿಕಲ್ ಓದಿದವನ ಚಪಲ ಕ್ಷಮಿಸಿ. 1924ರಲ್ಲಿ ಕಟ್ಟಿದ ಕಾಂಕ್ರೀಟ್ ಟ್ರ್ಯಾಕ್ ಅದು, ಸುಮಾರು ಎರಡೂವರೆ ಕಿಲೋಮೀಟರ್ ಸುತ್ತಳತೆ. ಎರಡೂ ತುದಿಗಳು ಬಾಣಲೆಯ ಅಂಚಿನ ಹಾಗೆ ಮೇಲಕ್ಕೆ ಎದ್ದು ನಿಂತಿವೆ. ವೇಗ ಹೆಚ್ಚಿದಷ್ಟೂ ಕಾರು ಅಂಚಿನ ಕಡೆ ಮೇಲಕ್ಕೆ ಏರುತ್ತದೆ. ವೇಗ ಸಾಲದಿದ್ದರೆ ಕೆಳಗೆ ಜಾರುತ್ತೆ, ಜಾಸ್ತಿಯಾದರೆ ಅಂಚು ದಾಟಿ ಆಚೆ ಹೋಗುತ್ತೆ. ಸೀಟ್ ಬೆಲ್ಟ್ ಇಲ್ಲ. ತಲೆಗೆ ಬಟ್ಟೆಯದೋ ಚರ್ಮದ್ದೋ ಒಂದು ಟೋಪಿ, ಕಣ್ಣಿಗೆ ಗಾಗಲ್. ಅದೇ ಡಿಸೆಂಬರ್‌ನಲ್ಲಿ ಆಕೆ ಅಲ್ಲಿ ಬುಗಾಟಿ ಟೈಪ್ 35ಸಿ ಓಡಿಸಿದಳು. ಎರಡು ಲೀಟರ್, ಸಾಲಾಗಿ ಎಂಟು ಸಿಲಿಂಡರ್, ಸೂಪರ್‌ಚಾರ್ಜರ್. ಗಂಟೆಗೆ 197 ಕಿಲೋಮೀಟರ್ ದಾಟಿ, ಮಹಿಳೆಯರ ವೇಗದ ದಾಖಲೆ ತನ್ನ ಹೆಸರಿಗೆ ಬರೆಸಿಕೊಂಡಳು. ಕಾಂಕ್ರೀಟಿನ ಮೇಲೆ, 1929ರ ಟೈರುಗಳಲ್ಲಿ, ಚಳಿಗಾಲದಲ್ಲಿ. ನಾನು ನಮ್ಮ ಬೆಂಗಳೂರು-ತುಮಕೂರು ಹೈವೇಯಲ್ಲಿ 110 ದಾಟಿದರೆ ಕೈ ಬೆವರುತ್ತೆ.

ಆಕೆಯನ್ನು ಎತ್ತೋರೆ ಬುಗಾಟಿಗೆ ಪರಿಚಯಿಸಿದ್ದು ಬ್ಯಾಂಕರ್ ಮನೆತನದ ಫಿಲಿಪ್ ದ ರಾಥ್‌ಚೈಲ್ಡ್. ಆತ ಆಗ ಆಕೆಯ ಪ್ರೇಮಿ, ತಾನೂ ಸುಳ್ಳು ಹೆಸರಲ್ಲಿ ರೇಸ್ ಓಡಿಸುತ್ತಿದ್ದ. ಇದನ್ನೇ ಹಿಡಿದುಕೊಂಡು, ಗಂಡಸರ ಕೃಪೆಯಿಂದ ಮೇಲೆ ಬಂದವಳು ಅಂತ ಬರೆದವರಿದ್ದಾರೆ. ಆ ಕಾಲದ ರೇಸಿನಲ್ಲಿ ಶ್ರೀಮಂತರ ಪರಿಚಯ ಇಲ್ಲದೆ ಕಾರು ಪಡೆದ ಗಂಡಸರು ಎಷ್ಟು ಜನ ಇದ್ದರು? ಆ ಪರಿಚಯವನ್ನು ಗಂಡಸಿನ ವಿಷಯದಲ್ಲಿ ಸಂಪರ್ಕ ಅಂತೀವಿ, ಹೆಂಗಸಿನ ವಿಷಯದಲ್ಲಿ ಬೇರೆ ಹೆಸರಿಡ್ತೀವಿ, ಅಷ್ಟೇ ವ್ಯತ್ಯಾಸ. ಇಷ್ಟಕ್ಕೂ ಕಾರು ಯಾರೋ ಕೊಡಿಸಬಹುದು, 190ರಲ್ಲಿ ಸ್ಟೀರಿಂಗ್ ಹಿಡಿಯೋ ಕೈ ಮಾತ್ರ ಆಕೆಯದೇ.

1930ರಲ್ಲಿ ಅಮೆರಿಕಕ್ಕೆ ಹೋಗಿ ಮಣ್ಣಿನ ಟ್ರ್ಯಾಕ್, ಮರದ ಹಲಗೆ ಹೊದಿಸಿದ ಟ್ರ್ಯಾಕುಗಳ ಮೇಲೆ ಓಡಿಸಿದಳು. ಸಿಗರೇಟು, ಪೆಟ್ರೋಲ್ ಕಂಪನಿಗಳು ಜಾಹೀರಾತಿಗೆ ಕರೆದವು. 1931ರಿಂದ ಫ್ರಾನ್ಸಿನ ಗ್ರ್ಯಾನ್ ಪ್ರಿಗಳಲ್ಲಿ ತನ್ನ ನೀಲಿ ಬುಗಾಟಿಯೊಂದಿಗೆ ಗಂಡಸರ ಜೊತೆಗೇ ಸ್ಪರ್ಧಿಸಿದಳು. ಗ್ರ್ಯಾನ್ ಪ್ರಿ ಗೆಲ್ಲಲಿಲ್ಲ, ಒಂದೂ ಇಲ್ಲ. ಬಹಳ ಸಲ ಮಧ್ಯದಲ್ಲೋ ಹಿಂದೆಯೋ ಮುಗಿಸಿದಳು. ಆದರೆ ನುವೊಲಾರಿ, ಕಂಪಾರಿ, ಶಿರೋನ್ ಥರದವರು ಇದ್ದ ಮೈದಾನ ಅದು. ಕಂಪನಿ ತಂಡಗಳ ಬೆಂಬಲ ಇಲ್ಲದೆ, ತನ್ನದೇ ಕಾರು, ತನ್ನದೇ ಖರ್ಚಿನಲ್ಲಿ ಓಡಿಸಿದವರಲ್ಲಿ ಆಕೆ ಕೆಟ್ಟವಳೇನಲ್ಲ. ಜನ ಆಕೆಯನ್ನು ನೋಡೋಕೆ ಬರ್ತಾರೆ ಅಂತ ಗೊತ್ತಿದ್ದರಿಂದ ಆಯೋಜಕರು ಬರೀ ಸ್ಪರ್ಧಿಸೋಕೇ ಹಣ ಕೊಡುತ್ತಿದ್ದರು. ಅದನ್ನು ಚೌಕಾಸಿ ಮಾಡಿ ವಸೂಲಿ ಮಾಡೋದೂ ಆಕೆಗೆ ಗೊತ್ತಿತ್ತು.

ಅಪಾಯ ಎಷ್ಟಿತ್ತು ಅಂದ್ರೆ, 1933ರ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ಒಂದೇ ದಿನ ಮೂವರು ಚಾಲಕರು ಸತ್ತರು: ಕಂಪಾರಿ, ಬೊರ್ಜಾಕಿನಿ, ಚೈಕೋವ್ಸ್ಕಿ. ಆ ದಿನ ಎಲ್ಲೆ ನೀಸ್ ಕೂಡ ತನ್ನ ಆಲ್ಫಾ ರೋಮಿಯೊದೊಂದಿಗೆ ಅದೇ ಟ್ರ್ಯಾಕಿನಲ್ಲಿದ್ದಳು. ರೇಸ್ ಮುಗಿಸಿ ಮನೆಗೆ ಹೋದಳು. ಮುಂದಿನ ರೇಸಿಗೂ ಬಂದಳು.

ಇನ್ನು ರ‍್ಯಾಲಿ. ಈ ಸೈಟ್ ಓದೋರಿಗೆ ರ‍್ಯಾಲಿ ಅಂದ್ರೆ ಫ್ರೀಡಂ ಪಾರ್ಕೇ ನೆನಪಾಗೋದು. ಇದು ಬೇರೆ. 1911ರಲ್ಲಿ ಶುರುವಾದ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಚಾಲಕರು ಯುರೋಪಿನ ಬೇರೆ ಬೇರೆ ಮೂಲೆಗಳಿಂದ, ಅಥೆನ್ಸ್, ಟ್ಯಾಲಿನ್, ಪಲೆರ್ಮೊ ಥರದ ಊರುಗಳಿಂದ ಹೊರಟು, ಜನವರಿಯ ಹಿಮದಲ್ಲಿ ಹಗಲು ರಾತ್ರಿ ಓಡಿಸಿ ಮೊನಾಕೊ ಸೇರಬೇಕಿತ್ತು. ದಾರಿಯಲ್ಲಿ ಕಂಟ್ರೋಲ್‌ಗಳು, ಅಲ್ಲಿಗೆ ಗೊತ್ತುಪಡಿಸಿದ ಹೊತ್ತಿಗೆ ತಲುಪದಿದ್ದರೆ ದಂಡ. ಟ್ರ್ಯಾಕಿನ ರೇಸ್ ಕೆಲವು ಗಂಟೆಗಳ ಆಟ. ರ‍್ಯಾಲಿಯಲ್ಲಿ ನಿದ್ದೆ, ಮಂಜು, ದಾರಿ ತಪ್ಪೋದು, ಪಂಕ್ಚರ್ ಎಲ್ಲದರ ಜೊತೆ ಕುಸ್ತಿ. ಸೊಂಟದ ಬಲ, ತಾಳ್ಮೆ, ಜೊತೆಗಾರ್ತಿಯ ಮೇಲೆ ನಂಬಿಕೆ ಬೇಕು.

ರ‍್ಯಾಲಿ ಜಗತ್ತು ಹೆಂಗಸರಿಗೆ ಟ್ರ್ಯಾಕಿಗಿಂತ ಸ್ವಲ್ಪ ಮೊದಲೇ ಬಾಗಿಲು ತೆರೆದಿತ್ತು. ಫ್ರಾನ್ಸ್‌ನಲ್ಲಿ 1929ರಿಂದ ಹೆಂಗಸರಿಗೇ ಮೀಸಲಾದ ಪ್ಯಾರಿಸ್-ಸೇಂಟ್ ರಫಾಯೆಲ್ ರ‍್ಯಾಲಿ ನಡೀತಿತ್ತು. ಮಾಂಟೆ ಕಾರ್ಲೊದಲ್ಲಿ ಎಲ್ಲರ ಜೊತೆ ಸ್ಪರ್ಧಿಸಿದರೂ ಹೆಂಗಸರಿಗೆ ಅಂತ ಬೇರೆ ಕಪ್ ಇತ್ತು. ಈ ಬೇರೆ ಕಪ್ ಬಗ್ಗೆ ನನಗೆ ಎರಡು ಮನಸ್ಸು. ಅದು ಇಲ್ಲದಿದ್ದರೆ ಕಾರು ಕಂಪನಿಗಳು ಹೆಂಗಸರಿಗೆ ಕಾರು ಕೊಡ್ತಾನೇ ಇರಲಿಲ್ಲ. ಅದು ಇದ್ದದ್ದರಿಂದ ಪತ್ರಿಕೆಗಳು ಅವರನ್ನು ಅದರ ಆಚೆ ನೋಡಲೂ ಇಲ್ಲ. ಮೀಸಲಾತಿ ಚರ್ಚೆ ಮಾಡಿದವರಿಗೆ ಈ ಗೊಂದಲ ಹೊಸದಲ್ಲ. ನನ್ನ ಮಟ್ಟಿಗೆ, ಬಾಗಿಲೇ ಇಲ್ಲದ ಗೋಡೆಗಿಂತ ಸಣ್ಣ ಬಾಗಿಲು ವಾಸಿ.

1936ರ ಜನವರಿಯಲ್ಲಿ ಮಾರಿನೊವಿಚ್ ಅನ್ನೋ ಜೊತೆಗಾರ್ತಿಯೊಂದಿಗೆ ಮ್ಯಾಟ್‌ಫೋರ್ಡ್ ಕಾರಿನಲ್ಲಿ ಹೋಗಿ ಎಲ್ಲೆ ನೀಸ್ ಮಾಂಟೆ ಕಾರ್ಲೊದ ಹೆಂಗಸರ ಕಪ್ ಗೆದ್ದಳು. ರೇಸು, ರ‍್ಯಾಲಿ, ದಾಖಲೆ, ಮೂರರಲ್ಲೂ ಹೆಸರಿದ್ದ ಹೆಂಗಸು ಆಗ ಯುರೋಪಿನಲ್ಲಿ ಬೆರಳೆಣಿಕೆ.

ಆರು ತಿಂಗಳ ನಂತರ ಬ್ರೆಜಿಲ್. 1936ರ ಜುಲೈ 12, ಸಾವೊ ಪಾಲೊ ನಗರದ ಬೀದಿಗಳಲ್ಲೇ ಗ್ರ್ಯಾನ್ ಪ್ರಿ. ಜನ ರಸ್ತೆಯ ಅಂಚಿಗೇ ಬಂದು ನಿಂತಿದ್ದರು, ತಡೆಯೋಕೆ ಹುಲ್ಲಿನ ಮೂಟೆಗಳು ಮತ್ತು ಸೈನಿಕರು. ಮುಂದಿದ್ದವರು ಇಟಲಿಯ ಪಿಂಟಕೂಡ, ಮರಿನೋನಿ. ಮೂರನೇ ಜಾಗಕ್ಕೆ ಬ್ರೆಜಿಲ್‌ನ ಮನೂಯೆಲ್ ದ ತೆಫೆ ಮತ್ತು ಎಲ್ಲೆ ನೀಸ್ ನಡುವೆ ಪೈಪೋಟಿ. ಕೊನೆಗೆ ಬಂದಾಗ ಒಂದು ಹುಲ್ಲಿನ ಮೂಟೆ ಆಕೆಯ ದಾರಿಯಲ್ಲಿತ್ತು. ಅದು ಅಲ್ಲಿಗೆ ಹೇಗೆ ಬಂತು ಅನ್ನೋದಕ್ಕೆ ಒಬ್ಬೊಬ್ಬರದು ಒಂದೊಂದು ಹೇಳಿಕೆ. ಗಂಟೆಗೆ 160 ಕಿಲೋಮೀಟರ್‌ಗೂ ಹೆಚ್ಚು ವೇಗದಲ್ಲಿದ್ದ ಆಲ್ಫಾ ಅದಕ್ಕೆ ಬಡಿದು, ಗಾಳಿಯಲ್ಲಿ ಪಲ್ಟಿ ಹೊಡೆದು ಜನರ ಮೇಲೆ ಬಿತ್ತು. ಕನಿಷ್ಠ ನಾಲ್ವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿಗೆ ಗಾಯ. ಕಾರಿನಿಂದ ಹಾರಿಬಿದ್ದ ಆಕೆ ಒಬ್ಬ ಸೈನಿಕನ ಮೇಲೆ ಬಿದ್ದಳು. ಆತ ಸತ್ತ, ಆಕೆ ಉಳಿದಳು. ಮೊದಲು ಆಕೆಯೂ ಸತ್ತಳೆಂದು ಹೆಣಗಳ ಸಾಲಿನಲ್ಲೇ ಮಲಗಿಸಿದ್ದರು. ಮೂರು ದಿನ ಕೋಮಾ, ಎರಡು ತಿಂಗಳು ಆಸ್ಪತ್ರೆ.

ಬ್ರೆಜಿಲ್‌ನ ಜನ ಆಕೆಯನ್ನು ದೂರಲಿಲ್ಲ. ಹೆಣ್ಣುಮಕ್ಕಳಿಗೆ ಎಲ್ಲೆನೀಸ್ ಅಂತ ಹೆಸರಿಟ್ಟರು. ನೂರಾರು ಜನರ ಕಣ್ಣೆದುರು ನಡೆದ, ಹೆಣಗಳು ಬಿದ್ದ ಒಂದು ಅಪಘಾತದಲ್ಲಿ ಆ ಊರು ಆಕೆಗೆ ತೋರಿದ ನ್ಯಾಯ, ಹದಿಮೂರು ವರ್ಷ ಆದ್ಮೇಲೆ ಸ್ವಂತ ಜನರ ನಡುವೆ ಸಿಗಲಿಲ್ಲ.

1937ರ ಮೇ ತಿಂಗಳಲ್ಲಿ ಮತ್ತೆ ಮೋಂಟ್ಲೆರಿ. ಯಾಕೊ ಅನ್ನೋ ಎಣ್ಣೆ ಕಂಪನಿಯ ಪ್ರಯೋಗ: ಓಡೆಟ್ ಸಿಕೊ, ಸಿಮೋನ್ ದೆ ಫೊರೆ, ಕ್ಲೇರ್ ದೆಕೊಲಾ ಮತ್ತು ಎಲ್ಲೆ ನೀಸ್, ನಾಲ್ವರು ಹೆಂಗಸರು ಪಾಳಿಯಲ್ಲಿ ಒಂದೇ ಮ್ಯಾಟ್‌ಫೋರ್ಡ್ ಕಾರನ್ನು ಹತ್ತು ಹಗಲು ಹತ್ತು ರಾತ್ರಿ ನಿಲ್ಲಿಸದ ಹಾಗೆ ಓಡಿಸಿದರು. ಇಪ್ಪತ್ತಕ್ಕೂ ಹೆಚ್ಚು ದಾಖಲೆ. ತಲೆಗೆ ಪೆಟ್ಟು ಬಿದ್ದು ಒಂದು ವರ್ಷವೂ ಆಗದ ಹೆಂಗಸು ಅದೇ ಬಾಣಲೆಯಂಥ ಟ್ರ್ಯಾಕಿನಲ್ಲಿ ನಡುರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಸುತ್ತು ಹೊಡೆಯುತ್ತಿರೋದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಆದರೆ ಗ್ರ್ಯಾನ್ ಪ್ರಿಗೆ ಹಿಂತಿರುಗೋ ಆಸೆ ಕೈಗೂಡಲಿಲ್ಲ. ಆಮೇಲೆ ಯುದ್ಧ ಬಂತು.

ಯುದ್ಧದ ಕಾಲದಲ್ಲಿ ಆಕೆ ಆರ್ನಾಲ್ಡೊ ಬಿನೆಲ್ಲಿ ಅನ್ನೋ ಪ್ರೇಮಿಯ ಜೊತೆ ದಕ್ಷಿಣದ ಕಡಲತೀರದ ನೀಸ್ ನಗರಕ್ಕೆ ಹೋಗಿ ನೆಲೆಸಿದಳು. ಒಂದು ಒಳ್ಳೆಯ ಮನೆಯೇ ಇತ್ತು. ಆ ಊರನ್ನು ಮೊದಲು ಇಟಲಿಯ ಸೇನೆ, 1943ರ ಸೆಪ್ಟೆಂಬರ್ ನಂತರ ಜರ್ಮನ್ ಸೇನೆ ಹಿಡಿದಿತ್ತು. ಅಲ್ಲಿ ಆರಾಮಾಗಿ ಬದುಕಿದ್ದೇ ಅನುಮಾನಕ್ಕೆ ಸಾಕು ಅನ್ನೋರಿಗೆ ಅದು ಸಾಕು.

ರೇಸ್ ಜಗತ್ತಿನಲ್ಲಿ ಈ ವಿಷಯ ಯಾಕೆ ಅಷ್ಟು ಸೂಕ್ಷ್ಮವಾಗಿತ್ತು ಅನ್ನೋದನ್ನೂ ಹೇಳಬೇಕು. ಮೊದಲ ಮೊನಾಕೊ ಗ್ರ್ಯಾನ್ ಪ್ರಿ ಗೆದ್ದ ವಿಲಿಯಂ ಗ್ರೋವರ್-ವಿಲಿಯಮ್ಸ್ ಮತ್ತು ಫ್ರಾನ್ಸಿನ ಹೀರೊ ರೋಬೇರ್ ಬೆನ್ವಾ ಇಬ್ಬರೂ ಬ್ರಿಟಿಷ್ ಗುಪ್ತ ಸಂಸ್ಥೆಯ ಪರವಾಗಿ ನಾಜಿಗಳ ವಿರುದ್ಧ ಕೆಲಸ ಮಾಡಿ, ಸಿಕ್ಕಿಬಿದ್ದು, ನಾಜಿ ಶಿಬಿರಗಳಲ್ಲಿ ಕೊಲೆಯಾದರು. ಇವರು ಎಲ್ಲೆ ನೀಸ್ ಜೊತೆ ಒಂದೇ ಪಿಟ್‌ನಲ್ಲಿ ಓಡಾಡಿದವರು. ಆ ನೋವು ನಿಜ. ಫ್ರಾನ್ಸ್ ಬಿಡುಗಡೆಯಾದಾಗ ಜರ್ಮನರ ಜೊತೆ ಸಂಬಂಧ ಇತ್ತು ಅನ್ನೋ ಆರೋಪದ ಮೇಲೆ ಸುಮಾರು 20,000 ಹೆಂಗಸರ ತಲೆ ಬೋಳಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿದ್ದೂ ನಿಜ. ಜರ್ಮನರಿಗೆ ಸಿಮೆಂಟು ಮಾರಿ ದುಡ್ಡು ಮಾಡಿದ ಗಂಡಸರ ತಲೆ ಯಾರೂ ಬೋಳಿಸಲಿಲ್ಲ.

1949ರಲ್ಲಿ, ಯುದ್ಧದ ನಂತರ ಮೊದಲ ಸಲ ಮಾಂಟೆ ಕಾರ್ಲೊ ರ‍್ಯಾಲಿ ನಡೆಯಿತು. ಎಲ್ಲೆ ನೀಸ್‌ಗೆ ಆಗ 48. ಮತ್ತೆ ಸ್ಟೀರಿಂಗ್ ಹಿಡಿಯೋಕೆ ಬಂದಿದ್ದಳು. ರ‍್ಯಾಲಿಗೆ ಮುಂಚಿನ ಪಾರ್ಟಿಯಲ್ಲಿ ಶಿರೋನ್ ಎದುರು ಬಂದು, ಎಲ್ಲರಿಗೂ ಕೇಳಿಸುವ ಹಾಗೆ, ಈಕೆ ಗೆಸ್ಟಾಪೊ ಏಜೆಂಟ್ ಆಗಿದ್ದಳು ಅಂದ. ಕೈಯಲ್ಲಿ ಒಂದು ಕಾಗದ ಇರಲಿಲ್ಲ, ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. ಕೇಳಿದವರಲ್ಲಿ ಯಾರೂ ಅವನ್ನು ಕೇಳಲೂ ಇಲ್ಲ.

ಆತ ಯಾಕೆ ಹಾಗೆ ಮಾಡಿದ ಅಂತ ಊಹೆಗಳಿವೆ, ಅವುಗಳಲ್ಲಿ ನನಗೆ ಆಸಕ್ತಿ ಇಲ್ಲ. ನನಗೆ ಕುತೂಹಲ ಇರೋದು ಅಳತೆಗೋಲಿನ ಬಗ್ಗೆ. ಇದೇ ಶಿರೋನ್ 1936ರಲ್ಲಿ ಮರ್ಸಿಡಿಸ್ ತಂಡಕ್ಕೆ ಓಡಿಸಿದ್ದ. ಆ ತಂಡಕ್ಕೆ ಹಿಟ್ಲರ್ ಸರ್ಕಾರದ ಹಣ ಬರುತ್ತಿತ್ತು, ಗೆಲುವುಗಳನ್ನು ನಾಜಿ ಪ್ರಚಾರಕ್ಕೆ ಬಳಸುತ್ತಿದ್ದರು. ಅಷ್ಟಕ್ಕೇ ಶಿರೋನ್ ನಾಜಿ ಆಗಿಬಿಡೋದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಗಂಡಸಿಗೆ ಸಿಕ್ಕ ಈ ರಿಯಾಯಿತಿ ಎಲ್ಲೆ ನೀಸ್‌ಗೆ ಯಾಕೆ ಸಿಗಲಿಲ್ಲ? ಆಕೆಯ ಹಳೇ ಬದುಕು ಮೊದಲೇ ಒಂದು ಚಾರ್ಜ್‌ಶೀಟ್ ಥರ ಇತ್ತು. ಕುಣಿದವಳು, ಬೆತ್ತಲೆ ಫೋಟೋ ತೆಗೆಸಿಕೊಂಡವಳು, ಮದುವೆಯಾಗದೆ ಬದುಕಿದವಳು. ಅಂಥವಳು ದೇಶಕ್ಕೆ ದ್ರೋಹ ಮಾಡಿರಲಾರಳೇ ಅಂತ ಜನ ತಾವೇ ಲೆಕ್ಕ ಹಾಕಿಕೊಂಡರು. ನಮ್ಮಲ್ಲಿ ಕಾಲೇಜು ಹುಡುಗಿಯೊಬ್ಬಳು ಪ್ರತಿಭಟನೆಯಲ್ಲಿ ಮಾತಾಡಿದ ಸಂಜೆಯೇ ಆಕೆಯ ಇನ್‌ಸ್ಟಾಗ್ರಾಮ್ ಫೋಟೋಗಳನ್ನು ಹುಡುಕಿ ತೆಗೆದು ಹಂಚುತ್ತಾರಲ್ಲ, ಆ ಲೆಕ್ಕವೇ ಇದು.

ಕೋರ್ಟಿಗೆ ಹೋಗಿ ಮಾನನಷ್ಟ ಮೊಕದ್ದಮೆ ಹಾಕಬಹುದಿತ್ತಲ್ಲ ಅಂತ ಕೇಳೋದು ಸುಲಭ. ಮೊನಾಕೊದಲ್ಲಿ ಶಿರೋನ್ ಅಂದ್ರೆ ಊರಿನ ಹೆಮ್ಮೆ. ಆತನ ಮೇಲೆ ಯಾರು ಸಾಕ್ಷಿ ಹೇಳುತ್ತಿದ್ದರು? ಮಾಡಿಲ್ಲದ ಕೆಲಸವನ್ನು ಮಾಡಿಲ್ಲ ಅಂತ ಸಾಬೀತು ಮಾಡೋದಾದರೂ ಹೇಗೆ? ಪ್ರಾಯೋಜಕರು ದೂರ ಸರಿದರು, ಗೆಳೆಯರು ಕರೆಯೋದು ಬಿಟ್ಟರು. ಸ್ಪರ್ಧೆಯ ಬದುಕು ಮುಗಿಯಿತು. ದಶಕಗಳ ನಂತರ ಆಕೆಯ ಜೀವನಚರಿತ್ರೆ ಬರೆದ ಮಿರಾಂಡಾ ಸೀಮೋರ್, ಜರ್ಮನಿಯ ದಾಖಲೆಗಳಲ್ಲಿ ಹುಡುಕಿಸಿದರೂ ಆಕೆ ಏಜೆಂಟ್ ಆಗಿದ್ದಳು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಆ ಪುಸ್ತಕ ಬಂದಿದ್ದು 2004ರಲ್ಲಿ, ಆಕೆ ಸತ್ತು ಇಪ್ಪತ್ತು ವರ್ಷ ಆದ್ಮೇಲೆ.

ಆ ಪಾರ್ಟಿಯ ನಂತರ ಶಿರೋನ್‌ಗೆ ಏನೂ ಆಗಲಿಲ್ಲ. 1954ರಲ್ಲಿ ಅದೇ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ. 1955ರಲ್ಲಿ 55ನೇ ವಯಸ್ಸಿನಲ್ಲಿ ಮೊನಾಕೊ ಗ್ರ್ಯಾನ್ ಪ್ರಿಯಲ್ಲಿ ಓಡಿಸಿ, ಫಾರ್ಮುಲಾ ಒನ್‌ನಲ್ಲಿ ಸ್ಪರ್ಧಿಸಿದ ಅತಿ ಹಿರಿಯ ಚಾಲಕ ಅನ್ನಿಸಿಕೊಂಡ. ಆಮೇಲೆ ಬಹಳ ವರ್ಷ ಮೊನಾಕೊದ ರೇಸ್, ರ‍್ಯಾಲಿಗಳನ್ನು ನಡೆಸಿಕೊಟ್ಟ.

ಎಲ್ಲೆ ನೀಸ್‌ಳ ಉಳಿತಾಯ ಕರಗಿತು, ಬಿನೆಲ್ಲಿ ಬಿಟ್ಟುಹೋದ. ಮನೆ ಹೋಗಿ ಬಾಡಿಗೆ ಕೋಣೆ ಬಂತು, ಆಮೇಲೆ ನೀಸ್ ನಗರದ ಹಿಂಬದಿ ಗಲ್ಲಿಯೊಂದರ ಅಟ್ಟದ ಕೋಣೆ. ಹಳೇ ರಂಗ ಕಲಾವಿದರಿಗೆ ಸಹಾಯ ಮಾಡುತ್ತಿದ್ದ ಪ್ಯಾರಿಸ್‌ನ ‘ಲಾ ರೂ ತೂರ್ನ್’ ಅನ್ನೋ ಸಂಸ್ಥೆ ಕೊಡುತ್ತಿದ್ದ ಹಣವೇ ಆಧಾರ. ಆ ಹೆಸರಿನ ಅರ್ಥ ‘ಚಕ್ರ ತಿರುಗುತ್ತದೆ’ ಅಂತ. ಆಕೆಗೆ ಕೊನೆಗೂ ದುಡ್ಡು ಕೊಟ್ಟಿದ್ದು ಕುಣಿತದ ಲೋಕ, ರೇಸಿನ ಲೋಕ ಅಲ್ಲ. ನಾಚಿಕೆಯಿಂದ ಬೇರೆ ಹೆಸರಿಟ್ಟುಕೊಂಡು ಬದುಕಿದಳು. ಪತ್ರಿಕೆಗಳ ತುಣುಕು, ಫೋಟೋಗಳನ್ನು ಮಾತ್ರ ಜೋಪಾನ ಮಾಡಿದ್ದಳು.

1984ರ ಅಕ್ಟೋಬರ್‌ನಲ್ಲಿ ತೀರಿಕೊಂಡಳು. 83 ವರ್ಷ. ಬೂದಿಯನ್ನು ಸೇಂಟ್-ಮೆಮ್ ಅನ್ನೋ ಹಳ್ಳಿಗೆ, ಸೋದರಿಯ ಬಳಿ ಕಳಿಸಿದರು, ಅಪ್ಪ ಅಮ್ಮನ ಸಮಾಧಿ ಇರೋದೂ ಅಲ್ಲೇ. ಕುಟುಂಬದ ಕಲ್ಲಿನ ಮೇಲೆ ಉಳಿದವರ ಹೆಸರುಗಳಿದ್ದವು, ಆಕೆಯದನ್ನು ಕೆತ್ತಿಸಲಿಲ್ಲ. 2010ರಲ್ಲಿ, ಆಕೆಯನ್ನು ಎಂದೂ ಕಂಡಿರದ ಕೆಲವರು ಸೇರಿ ಹಣ ಹಾಕಿ, ಆ ಸಮಾಧಿಯ ಮೇಲೆ ಎಲ್ಲೆ ನೀಸ್ ಅಂತ ಒಂದು ಫಲಕ ಇಡಿಸಿದರು.